ರಘೋತ್ತಮ ‘ಕೇಳಿ’ಗೆ ಹೋದದ್ದು

ಸುಳ್ಳು ಹೇಳುವುದು ರಘೋತ್ತಮನ ಜಾಯಮಾನವಲ್ಲ. ಅವನು ಹೇಳುವುದೆಲ್ಲ ನಿಜವೇ. ಆದರೆ ಆ ನಿಜಕ್ಕೆ ಒಂದು ಜರಿ ಅಂಚು ಹಚ್ಚದೆ ಅವನಿಗೆ ಸಮಾಧಾನವಿಲ್ಲ. ೧೯೮೬ರ ಅಕ್ಟೋಬರಿನ ಒಂದು ಮಧ್ಯಾಹ್ನ, ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸನಿವೇಲಿನ ನಮ್ಮ ಆಫೀಸಿನ ಕೆಫೆಟೇರಿಯಾದಲ್ಲಿ ಅವನು ಹಚ್ಚಿದ ಅಂಚು ಸೀರೆಗಿಂತ ಅಗಲವಾಯಿತು. ನಾನು ಪಕ್ಕದಲ್ಲೇ ಕೂತು ಮೊಸರನ್ನ ತಿನ್ನುತ್ತಿದ್ದೆ. ಆದ್ದರಿಂದ ಸಾಕ್ಷಿ ಹೇಳುವ ಅಧಿಕಾರ ನನಗಿದೆ.

ರಘೋತ್ತಮ ಊಟದ ಡಬ್ಬಿಯ ಮುಚ್ಚಳದ ಮೇಲೆ ಎಡಗೈ ಬೆರಳಾಡಿಸುತ್ತ ಏನೋ ಗುನುಗುತ್ತಿದ್ದ. ಎದುರಿಗೆ ಕೂತಿದ್ದವನು ಮರ್ಡೋ, ನಮ್ಮ ಟೆಸ್ಟಿಂಗ್ ವಿಭಾಗದ ಮುಖ್ಯಸ್ಥ. ಆರೂಕಾಲು ಅಡಿ ಎತ್ತರ, ಕೆಂಪು ಗಡ್ಡ, ಸ್ಕಾಟ್ಲೆಂಡಿನ ಪಶ್ಚಿಮದ ಯಾವುದೋ ಪುಟ್ಟ ದ್ವೀಪದವನು. ಅವನ ಮನೆಮಾತು ಇಂಗ್ಲಿಷಲ್ಲ, ಗೇಲಿಕ್. ಅವನ ಇಂಗ್ಲಿಷಿನಲ್ಲಿ ಅರ್ಧ ನಮಗೆ ತಿಳಿಯುತ್ತಿರಲಿಲ್ಲ, ನಮ್ಮದರಲ್ಲಿ ಅರ್ಧ ಅವನಿಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ನಮ್ಮ ನಡುವೆ ತುಂಬ ಸ್ನೇಹವಿತ್ತು.

“ನೀನು ಸಂಗೀತಗಾರನೇನು?” ಎಂದು ಕೇಳಿದ ಮರ್ಡೋ.

“ವಯೊಲಿನ್,” ಎಂದ ರಘೋತ್ತಮ, ಕಣ್ಣು ಅರ್ಧ ಮುಚ್ಚಿ. “ಮೈಸೂರಿನಲ್ಲಿ ಕಚೇರಿ ಕೊಟ್ಟಿದ್ದೇನೆ.”

ಇದು ನಿಜ. ಹದಿನಾಲ್ಕನೇ ವಯಸ್ಸಿನಲ್ಲಿ, ಕೃಷ್ಣಮೂರ್ತಿಪುರದ ಒಂದು ಬೀದಿಯ ಗಣೇಶನ ಮುಂದೆ, ಆರು ಜನ ಶಿಷ್ಯರ ಸಾಲಿನಲ್ಲಿ ಕೊನೆಯವನಾಗಿ ಕೂತು ನುಡಿಸಿದ್ದ. ಅವನ ಮುಂದಿದ್ದ ಮೈಕು ಕೆಟ್ಟಿತ್ತು. ಮೇಷ್ಟ್ರು ಊರೆಲ್ಲ ಅಲೆದು ಕೆಟ್ಟ ಮೈಕೇ ಬೇಕೆಂದು ಹುಡುಕಿ ತಂದಿದ್ದರು ಎನ್ನುವುದು ಅವನ ಹೆಂಡತಿ ವೇದವತಿಯ ಹೇಳಿಕೆ.

ಮರ್ಡೋನ ಮುಖ ಬೆಳಗಿತು. “ಫಿಡಲ್! ನವೆಂಬರಿನ ಎರಡನೇ ಶನಿವಾರ ಸಂಜೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಮ್ಮ ಸಂಘದ ಕೇಲೀ ಇದೆ. ಫಿಡಲ್ ತಗೊಂಡು ಬಾ. ನಿಮ್ಮವರನ್ನೂ ಕರೆದುಕೊಂಡು ಬಾ.”

“ಏನಿದೆ ಅಂದಿರಿ?”

“ಕೇಲೀ.”

ರಘೋತ್ತಮ ನನ್ನ ಮೊಣಕೈ ತಿವಿದ. “ಶ್ರೀಕಂಠ, ಕೇಳಿಸ್ಕೊಂಡ್ಯಾ? ಕೇಳಿ ಅಂತಾನೆ ಕಣೋ!” ಆಮೇಲೆ ಮರ್ಡೋನತ್ತ ತಿರುಗಿ, “ಅದರಲ್ಲಿ ಏನು ಮಾಡ್ತೀರಿ?” ಎಂದ.

“ಸಂಗೀತ ಇರುತ್ತೆ. ಎಲ್ಲರೂ ಸೇರ್ತೇವೆ. ಆಮೇಲೆ…”

“ಅರ್ಥವಾಯಿತು,” ಎಂದು ರಘೋತ್ತಮ ಕೈಯೆತ್ತಿ ತಡೆದ.

ರಘೋತ್ತಮನಿಗೆ ಅರ್ಥವಾದ ವಿಷಯಗಳ ಪಟ್ಟಿ ನನ್ನ ಬಳಿ ಇದೆ. ಅವನ ಮೊದಲ ಕಾರಿನ ಗೇರು, ಬಾಡಿಗೆ ಮನೆಯ ಕರಾರು, ಒಲೆಯ ಮೇಲಿನ ಸ್ಮೋಕ್ ಅಲಾರಮ್ಮು, ಎಲ್ಲವೂ ಅದರಲ್ಲಿವೆ. ಪ್ರತಿಯೊಂದರ ಮುಂದೆಯೂ ಯಾರಾದರೊಬ್ಬರು ಓಡಿಬಂದು ಬಿಡಿಸಿದ ಕಥೆಯಿದೆ.

ಮುಂದಿನ ಭಾನುವಾರ ಫ್ರೀಮಾಂಟಿನಲ್ಲಿ ಡಾಕ್ಟರ್ ಶಿವರುದ್ರಪ್ಪನವರ ಮನೆಯಲ್ಲಿ ಮನೆಗೊಂದು ಅಡುಗೆ ತರುವ ನಮ್ಮ ಕನ್ನಡದವರ ಪಾಟ್‌ಲಕ್ಕು. ರಘೋತ್ತಮ ಬಿಸಿಬೇಳೆಭಾತಿನ ತಟ್ಟೆ ಹಿಡಿದು ಹಾಲಿನ ನಡುವೆ ನಿಂತು ಒಂದು ಸಂಶೋಧನೆಯನ್ನು ಮಂಡಿಸಿದ.

“ಪಿಟೀಲು ಅನ್ನೋದು ನಮ್ಮ ಮಾತು. ಕಡಲು ದಾಟೋವಾಗ ನೆನೆದು ಫಿಡಲ್ ಆಯ್ತು. ನಾವು ಕಚೇರಿ ಅಂತ ಎಲ್ಲಿಂದಲೋ ತಂದ ಮಾತು ಹಿಡ್ಕೊಂಡು ಕೂತಿದೀವಿ. ಅವರು ನೋಡಿ, ಶುದ್ಧವಾಗಿ ‘ಕೇಳಿ’ ಅಂತಾರೆ! ಬನ್ನಿ, ಕೂತ್ಕೊಳ್ಳಿ, ಕೇಳಿ. ಎಷ್ಟು ಮರ್ಯಾದೆಯ ಹೆಸರು! ನಾವು ಕಳ್ಕೊಂಡಿದ್ದನ್ನ ಅವರು ಜೋಪಾನ ಮಾಡಿದಾರೆ.”

“ಪಿಟೀಲು ಅವರಿಂದ ನಮಗೆ ಬಂತು ಅಂತಲ್ವೇನ್ರೀ?” ಎಂದಳು ವೇದವತಿ.

“ನಿನಗೆ ಭಾಷಾಶಾಸ್ತ್ರ ಗೊತ್ತಿಲ್ಲ.”

ಶಿವರುದ್ರಪ್ಪನವರು ಧಾರವಾಡದ ಕಡೆಯವರು. ನಗದೆಯೇ ನಗಿಸುವುದು ಅವರ ಅಭ್ಯಾಸ. “ಅವರ ಭಾಷಾಕ್ಕ ಏನಂತಾರ್ರಿ?” ಎಂದರು.

“ಗೇಲಿಕ್.”

“ಹಂಗಾರ ಅದೂ ನಮ್ಮದs. ಗೇಲಿ ಮಾಡೋ ಮಂದಿ ಅಂತಿರಬೇಕು. ನಿಮ್ಮನ್ನ ಕರದಾರಲ್ಲ, ಅದಕ್ಕ.”

ಎಲ್ಲರೂ ನಕ್ಕರು. ನಗದೇ ಉಳಿದವರು ಇಬ್ಬರು: ರಘೋತ್ತಮ, ಮತ್ತು ಮೂಲೆಯ ಸೋಫಾದಲ್ಲಿ ಕಾಲು ಮಡಚಿ ಕೂತಿದ್ದ ಶಿವರುದ್ರಪ್ಪನವರ ತಾಯಿ ಬಂಗಾರೆವ್ವ. ಗುಳೇದಗುಡ್ಡದ ನೇಕಾರರ ಮಗಳು, ಎಪ್ಪತ್ತೆರಡು ವರ್ಷ. ಮಗನ ಮನೆಗೆಂದು ಬಂದು ನಾಲ್ಕು ತಿಂಗಳಾಗಿತ್ತು.

“ಪಿಟೀಲು ಬಾರಸ್ತಾರೇನು?” ಎಂದರು ಬಂಗಾರೆವ್ವ. “ನಾನೂ ಬರ್ತೇನಪಾ. ಇಲ್ಲಿಗೆ ಬಂದಾಗಿಂದ ಗ್ರೋಸರಿ ಅಂಗಡಿ ಬಿಟ್ರ ಏನೂ ಕಂಡಿಲ್ಲ.”

“ಅಜ್ಜೀ, ಯೂ ವೋಂಟ್ ಅಂಡರ್‌ಸ್ಟ್ಯಾಂಡ್ ಎನಿಥಿಂಗ್!” ಎಂದಳು ಮೊಮ್ಮಗಳು.

“ಏನಂತೈತಿ ಕೂಸು?”

“ಹೋಗಿ ಬಾ ಅಂತೈತಿ,” ಎಂದು ಶಿವರುದ್ರಪ್ಪನವರು ಅನುವಾದ ಮಾಡಿದರು. ಆ ಶನಿವಾರ ಅವರಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಕಾರು ಓಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಆ ಸಂಜೆ ನನ್ನ ಸ್ಟೇಷನ್ ವ್ಯಾಗನ್ನಿನಲ್ಲಿ ಹೊರಟವರು ನಾಲ್ವರು. ಸಾಮಾನು ಮಾತ್ರ ಹತ್ತು ಜನರದ್ದಿತ್ತು: ಶೋಭೆಗೆಂದು ಪಿಟೀಲು, ಶ್ರುತಿಪೆಟ್ಟಿಗೆ, ದೊಡ್ಡದೊಂದು ಜಮಖಾನ, ನಾಲ್ಕು ದಿಂಬು, ಬೆಳ್ಳಿ ತಟ್ಟೆಯಲ್ಲಿ ಕಲ್ಲುಸಕ್ಕರೆ. ರಘೋತ್ತಮ ಜರಿ ಪಂಚೆ, ರೇಷ್ಮೆ ಜುಬ್ಬ, ಹೆಗಲಿಗೆ ಶಲ್ಯ ಹಾಕಿದ್ದ. ವೇದವತಿ ಮದುವೆಯ ಸೀರೆ ಉಟ್ಟಿದ್ದಳು. ಬಂಗಾರೆವ್ವ ಇಳಕಲ್ ಸೀರೆ, ಖಣದ ಕುಪ್ಪಸ, ಅದರ ಮೇಲೆ ಮಗನ ಸ್ವೆಟರು, ಕಾಲಿಗೆ ಮೊಮ್ಮಗಳ ಟೆನಿಸ್ ಶೂ. ನಾನು ಪ್ಯಾಂಟು ಹಾಕಿದ್ದಕ್ಕೆ ಬೇ ಬ್ರಿಜ್ಜು ದಾಟುವವರೆಗೂ ಬೈಸಿಕೊಂಡೆ.

ಸನ್‌ಸೆಟ್ ಎನ್ನುವ ಬಡಾವಣೆಯಲ್ಲಿ ಸನ್‌ಸೆಟ್ ಕಾಣಿಸುವುದಿಲ್ಲ, ಮಂಜು ಮಾತ್ರ ಕಾಣಿಸುತ್ತದೆ. ಆ ಮಂಜಿನಲ್ಲಿ ಒಂದು ಚರ್ಚಿನ ಹಿಂದಿನ ಹಾಲು ಹುಡುಕಿ ಬಾಗಿಲು ತೆಗೆದೆವು. ಒಳಗೆ ನೂರಿಪ್ಪತ್ತು ಜನರಿದ್ದರು. ಗಂಡಸರಲ್ಲಿ ಮುಕ್ಕಾಲುಪಾಲು ಮಂದಿ ಮೊಣಕಾಲುದ್ದದ ಚೌಕಡಿ ಲಂಗದಂಥ ಕಿಲ್ಟ್ ಉಟ್ಟಿದ್ದರು. ಬಂಗಾರೆವ್ವ ಹೊಸ್ತಿಲಲ್ಲೇ ನಿಂತುಬಿಟ್ಟರು.

“ಯವ್ವಾ ವೇದಾ, ಗಂಡಸರು ಪರಕಾರ ಉಟ್ಟಾರಲ್ಲವಾ!”

“ಶ್‌! ಅದು ಅವರ ಪಂಚೆ ಅಮ್ಮಾ,” ಎಂದಳು ವೇದವತಿ.

ಮರ್ಡೋ ಎರಡೂ ಕೈ ಚಾಚಿ ಬಂದ. ರಘೋತ್ತಮನ ಪಂಚೆಯನ್ನು ಮೇಲಿಂದ ಕೆಳಗೆ ನೋಡಿ, “ಇದು ನಿಮ್ಮ ಕಡೆಯ ಕಿಲ್ಟೇ? ಭಾರಿ ಉದ್ದ ಇದೆ. ಚಳಿಗೆ ಒಳ್ಳೇದು,” ಎಂದು ಗೌರವದಿಂದ ತಲೆದೂಗಿದ. ಅಷ್ಟರಲ್ಲಿ ಬಂಗಾರೆವ್ವ ಬಗ್ಗಿ ಅವನ ಕಿಲ್ಟಿನ ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ತಿಕ್ಕುತ್ತಿದ್ದರು. ನಮ್ಮ ವಿಭಾಗದ ಮುಖ್ಯಸ್ಥನ ಉಡುಪನ್ನು ಹಾಗೆ ಹಿಡಿದವರನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

“ಉಣ್ಣಿ ನೂಲಿಂದು. ಹುರಿ ಚೊಲೊ ಹಾಕ್ಯಾರ. ಚೌಕಡಿ ಒಂದಕ್ಕೊಂದು ಕೂಡ್ಸಿದ್ದು ನೋಡು, ಎಲ್ಲೂ ತಪ್ಪಿಲ್ಲ. ಎಷ್ಟು ವಾರ ಬಟ್ಟಿ ಹಿಡಿತೈತಿ ಕೇಳಪಾ ಇಂವಗ.”

ನಾನು ಹೆದರುತ್ತಲೇ ಕೇಳಿದೆ. ಮರ್ಡೋ ಎಂಟು ಗಜ ಎಂದ.

“ಎಂಟು ವಾರ! ನಂದೂ ಎಂಟು ವಾರ!” ಎಂದು ಬಂಗಾರೆವ್ವ ತಮ್ಮ ಸೆರಗು ತೋರಿಸಿ, ಮರ್ಡೋನ ಬೆನ್ನು ತಟ್ಟಿದರು. ಅಲ್ಲಿಂದ ಮುಂದೆ ಅವನು ಅವರ ಮನುಷ್ಯ.

ಮರ್ಡೋ ನಮ್ಮನ್ನು ಗೋಡೆಯ ಬದಿಯ ಕುರ್ಚಿಯೊಂದರಲ್ಲಿ ಕೂತಿದ್ದ ಮುದುಕಿಯ ಹತ್ತಿರ ಕರೆದೊಯ್ದ. ಹೆಸರು ಮೊರಾಗ್. ಎಪ್ಪತ್ತೆಂಟು ವರ್ಷ. ಬಿಳಿ ಕೂದಲು, ಕೈಯಲ್ಲೊಂದು ಊರುಗೋಲು. ನಲವತ್ತು ವರ್ಷ ಈ ಊರಿನಲ್ಲಿ ಇವರ ಕುಣಿತಕ್ಕೆಲ್ಲ ಫಿಡಲ್ ನುಡಿಸಿದವಳು ಅವಳೇ. ಎರಡು ವರ್ಷದಿಂದ ಸಂಧಿವಾತ; ಎಡಗೈ ಬೆರಳುಗಳು ಮಡಿಚಿಕೊಂಡಿದ್ದವು. ಬರುವ ಮಂಗಳವಾರ ಕೆನಡಾದಲ್ಲಿರುವ ಮಗಳ ಮನೆಗೆ ಹೊರಟಿದ್ದಳು, ಮರಳುವ ಮಾತಿರಲಿಲ್ಲ. ಆ ಸಂಜೆ ಅವಳಿಗಾಗಿಯೇ ಏರ್ಪಾಡಾಗಿತ್ತು. “ಅವಳ ಶಿಷ್ಯ ಲಾಕಿ ಸ್ಯಾಕ್ರಮೆಂಟೋದಿಂದ ಬಂದು ನುಡಿಸ್ತಾನೆ,” ಎಂದ ಮರ್ಡೋ.

‘ಕುಣಿತ’ ಎಂಬ ಪದ ನನ್ನ ಕಿವಿಗೆ ಬಿತ್ತು. ರಘೋತ್ತಮನ ಕಿವಿಗೆ ಬೀಳಲಿಲ್ಲ. ಅವನ ಗಮನವೆಲ್ಲ ಹಾಲಿನ ನಡುವೆ ನೆಟ್ಟಿತ್ತು.

“ನೋಡೋ ಶ್ರೀಕಂಠ, ಪಾಪ, ವ್ಯವಸ್ಥೆ ಗೊತ್ತಿಲ್ಲ ಇವರಿಗೆ. ಕುರ್ಚಿಗಳನ್ನೆಲ್ಲ ಗೋಡೆಗೆ ಒರಗಿಸಿಬಿಟ್ಟಿದಾರೆ. ಶ್ರೋತೃಗಳು ಎಲ್ಲಿ ಕೂರಬೇಕು?”

ನಾನು ಏನಾದರೂ ಹೇಳುವ ಮುಂಚೆಯೇ ಅವನು ಜಮಖಾನ ತಂದು ಹಾಲಿನ ಸರಿ ಮಧ್ಯದಲ್ಲಿ ಹಾಸಿ, ದಿಂಬು ಇಟ್ಟು, ಕಲ್ಲುಸಕ್ಕರೆಯ ತಟ್ಟೆ ಮುಂದಿಟ್ಟು, ನಮ್ಮ ಮೂವರನ್ನೂ ಕೈಹಿಡಿದು ಕೂರಿಸಿ, ತಾನೂ ಚಕ್ಕಂಬಕ್ಕಲ ಹಾಕಿ ಕೂತ. ಸ್ಕಾಟ್ಲೆಂಡಿನವರು ಅತಿ ಮರ್ಯಾದಸ್ತರು. ಯಾರೂ ಏನೂ ಅನ್ನಲಿಲ್ಲ. ನಮ್ಮ ದೇಶದಲ್ಲಿ ಅದು ಪದ್ಧತಿಯಿರಬೇಕೆಂದುಕೊಂಡು ತಮ್ಮತಮ್ಮಲ್ಲೇ ಏನೋ ಮಾತಾಡಿ, ನಮ್ಮನ್ನು ಬಿಟ್ಟು ಉಳಿದ ಜಾಗದಲ್ಲಿ ದೊಡ್ಡದೊಂದು ಉಂಗುರವಾಗಿ ನಿಂತರು. ಮೂಲೆಯಲ್ಲಿ ಅಕಾರ್ಡಿಯನ್ ಹಿಡಿದಿದ್ದ ದಪ್ಪ ಮನುಷ್ಯನೊಬ್ಬ ಪೆಟ್ಟಿಗೆ ಎಳೆದ. ನೂರು ಜನ ಒಂದೇ ಏಟಿಗೆ ನಮ್ಮ ಸುತ್ತ ಓಡತೊಡಗಿದರು.

ಓಡಿದರು, ಕುಪ್ಪಳಿಸಿದರು, ಕೈಕೈ ಹಿಡಿದು ತಿರುಗಿದರು, ಎಂಟು ಹೆಜ್ಜೆ ಅತ್ತ, ಎಂಟು ಹೆಜ್ಜೆ ಇತ್ತ. ನೆಲ ಅದುರಿ ತಟ್ಟೆಯ ಕಲ್ಲುಸಕ್ಕರೆಯೂ ಕುಣಿಯಿತು. ವೇದವತಿ ಕಣ್ಣು ಮುಚ್ಚಿಕೊಂಡಳು.

“ಸುತ್ತ ಹಾಕಾಕ್ಹತ್ಯಾರಲ್ಲೊ ತಮ್ಮಾ,” ಎಂದರು ಬಂಗಾರೆವ್ವ, ಕತ್ತು ತಿರುಗಿಸಿ ತಿರುಗಿಸಿ ನೋಡುತ್ತ. “ನಾವೇನು ದೇವರೇನು?”

“ಪ್ರದಕ್ಷಿಣೆ ಅಮ್ಮಾ,” ಎಂದ ರಘೋತ್ತಮ, ಅಲುಗದೆ. “ಶ್ರೋತೃಗಳಿಗೆ ಗೌರವ ಸಲ್ಲಿಸಿ ಆಮೇಲೆ ಶುರುಮಾಡ್ತಾರೆ. ಎಂಥ ಸಂಸ್ಕೃತಿ ನೋಡಿ.” ಹೀಗೆ ಹೇಳಿ ತೊಡೆ ತಟ್ಟಿ ತಾಳ ಹಾಕುತ್ತ, “ಭೇಷ್‌, ಭೇಷ್‌!” ಎಂದು ಪ್ರತಿ ಸುತ್ತಿಗೂ ತಲೆದೂಗಿದ.

ಕುಣಿತ ನಿಂತಾಗ ಮರ್ಡೋ ಬೆವರೊರೆಸಿಕೊಳ್ಳುತ್ತ ವೇದಿಕೆ ಹತ್ತಿದ. ಅವನ ಮುಖ ಸಪ್ಪಗಾಗಿತ್ತು. ಲಾಕಿ ಫೋನ್ ಮಾಡಿದ್ದನಂತೆ. ವ್ಯಾಕವಿಲ್ಲಿನ ಹತ್ತಿರ ಫ್ರೀವೇ ಪಕ್ಕದಲ್ಲಿ ಅವನ ಕಾರಿನ ರೇಡಿಯೇಟರು ಕುದಿದು ನಿಂತಿದೆ, ಯಾವಾಗ ಬಂದಾನೋ ತಿಳಿಯದು. ಹಾಲಿನಲ್ಲಿ ನಿಟ್ಟುಸಿರು ಹರಿಯಿತು. ಎಲ್ಲರೂ ಮೊರಾಗಳತ್ತ ನೋಡಿದರು. ಅವಳು ಊರುಗೋಲಿನ ಮೇಲೆ ಗದ್ದ ಊರಿ, “ಪರವಾಗಿಲ್ಲ, ಅಕಾರ್ಡಿಯನ್ನಿನಲ್ಲೇ ಆಗಲಿ,” ಎಂದಳು. ಅಕಾರ್ಡಿಯನ್ನಿನವನೇ ತಲೆ ತಗ್ಗಿಸಿದ.

“ಆದರೆ ನಮ್ಮ ಅದೃಷ್ಟ,” ಎಂದು ಮರ್ಡೋ ದನಿ ಏರಿಸಿದ, “ಇವತ್ತು ನಮ್ಮ ನಡುವೆ ಒಬ್ಬ ಫಿಡಲ್ ವಿದ್ವಾಂಸ ಇದ್ದಾನೆ. ಮೈಸೂರಿನಲ್ಲಿ ಕಚೇರಿಗಳನ್ನು ಕೊಟ್ಟವನು. ರ‍್ಯಾಗ್ ಆಟಮ್!”

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ರಘೋತ್ತಮ. “ಮೈಸೂರಿನವನಂತೆ ಕಣೋ! ಯಾರಿರಬಹುದು?” ಎಂದು ಹಾಲಿನ ಉದ್ದಗಲ ಹುಡುಕಿದ.

“ನೀವೇ ರೀ,” ಎಂದಳು ವೇದವತಿ.

ಚಪ್ಪಾಳೆ ತಟ್ಟುತ್ತಿದ್ದ ಕೈ ಗಾಳಿಯಲ್ಲೇ ನಿಂತಿತು. ರಘೋತ್ತಮನ ಮುಖದಿಂದ ಮೈಸೂರು, ಭಾಷಾಶಾಸ್ತ್ರ, ಸಂಸ್ಕೃತಿ ಎಲ್ಲ ಒಂದೊಂದಾಗಿ ಇಳಿದುಹೋದದ್ದನ್ನು ನಾನು ನೋಡಿದೆ. “ನಾನು ಕೇಳೋಕೆ ಬಂದವನು,” ಎಂದು ಪಿಸುಗುಟ್ಟಿದ. “ಅದರ ಹೆಸರೇ ಕೇಳಿ ಅಂತಿದೆಯಲ್ಲೋ!”

ಓಡಲು ದಾರಿಯಿರಲಿಲ್ಲ, ಸುತ್ತ ನೂರು ಜನ ಜೋಡಿಜೋಡಿಯಾಗಿ ಕೈಹಿಡಿದು ಸಿದ್ಧರಾಗಿ ನಿಂತಿದ್ದರು. ರಘೋತ್ತಮ ಪಿಟೀಲು ತೆಗೆದು, ತುದಿಯನ್ನು ಪಾದದ ಮೇಲಿಟ್ಟು, ಶ್ರುತಿಪೆಟ್ಟಿಗೆ ಹಾಕಿದ. ನೆಲದ ಮೇಲೆ ಕೂತು ಫಿಡಲ್ ಹಿಡಿದದ್ದನ್ನು ಕಂಡು ಹಾಲಿನಲ್ಲಿ ಗುಜುಗುಜು ಎದ್ದಿತು. ಅವನಿಗೆ ಮರೆಯದೆ ಉಳಿದಿದ್ದದ್ದು ಮೋಹನ ರಾಗದ ಒಂದು ಮಕ್ಕಳ ಗೀತೆ. ಅದನ್ನೇ ವಿಳಂಬದಲ್ಲಿ ಶುರುಮಾಡಿದ.

ಎಡಗೈ ಬೆರಳು ಸ್ವರದ ಮೇಲೆ ಸರಿಯಾಗಿಯೇ ಬೀಳುತ್ತಿತ್ತು. ಆದರೆ ಬಲಗೈಯ ಕಮಾನು ತಂತಿಯ ಮೇಲೆ ಬಾಗಿಲು ಎಳೆದಂತೆ ಕಿರ್‍ರೆಂದು ಹೋಗಿ, ಕಿರ್‍ರೆಂದು ಬರುತ್ತಿತ್ತು. ಕುಣಿಯುವವರು ಮೊದಲ ಹೆಜ್ಜೆಗೆ ಕಾಲೆತ್ತಿದರು. ಎತ್ತಿದ ಕಾಲನ್ನು ಯಾವಾಗ ಇಳಿಸಬೇಕೆಂದು ಸಂಗೀತ ಹೇಳಲೇ ಇಲ್ಲ. ಮರ್ಡೋ ಒಂಟಿಕಾಲಲ್ಲಿ ನಿಂತು ಸಹಿಸಿದ. ಅವನ ಹಿಂದಿದ್ದ, ಸಿಟಿ ಬಸ್ಸು ಓಡಿಸುವ ಹೆಂಗಸೊಬ್ಬಳು ಗೋಡೆ ಹಿಡಿದಳು. ಒಬ್ಬ ಮುದುಕ ಸದ್ದಿಲ್ಲದೆ ಕಾಲಿಳಿಸಿ, ಯಾರಾದರೂ ನೋಡಿದರೋ ಎಂದು ಸುತ್ತ ನೋಡಿ, ಮತ್ತೆ ಎತ್ತಿದ. ಒಬ್ಬರೂ ನಗಲಿಲ್ಲ. ಆ ಸಂಘದವರ ಬಗ್ಗೆ ನನ್ನ ಗೌರವ ಇಮ್ಮಡಿಯಾದದ್ದು ಆಗಲೇ.

ಟಕ್, ಟಕ್ ಎಂದು ಊರುಗೋಲಿನ ಸದ್ದು ಕೇಳಿಸಿತು. ಮೊರಾಗ್ ಎದ್ದು ಬರುತ್ತಿದ್ದಳು. ಜನ ದಾರಿ ಬಿಟ್ಟರು. ಜಮಖಾನದ ಅಂಚಿನಲ್ಲಿ ಶೂ ಬಿಚ್ಚಿ (ಬಂಗಾರೆವ್ವನ ಟೆನಿಸ್ ಶೂ ಅಲ್ಲಿ ಬಿಟ್ಟಿದ್ದನ್ನು ಕಂಡಿದ್ದಳು) ರಘೋತ್ತಮನ ಎದುರು ನಿಂತಳು.

“ಅಜ್ಜೀ, ನಾನು ನಿಜ ಹೇಳಿಬಿಡ್ತೀನಿ,” ಎಂದ ರಘೋತ್ತಮ ಇಂಗ್ಲಿಷಿನಲ್ಲಿ. “ನಾನು ವಿದ್ವಾಂಸನಲ್ಲ. ನನ್ನ ಮುಂದಿದ್ದ ಮೈಕು ಕೆಟ್ಟಿತ್ತು.”

ಮೊರಾಗಳಿಗೆ ಮೈಕಿನ ಕಥೆ ತಿಳಿಯುವಂತಿರಲಿಲ್ಲ. ಅವಳು ಬಗ್ಗಿ ತಂತಿಗಳನ್ನು ಒಂದೊಂದಾಗಿ ಮೀಟಿ ನೋಡಿದಳು. ಹುಬ್ಬು ಮೇಲೇರಿತು.

“ಹೀಗೆ ಶ್ರುತಿ ಮಾಡೋಕೆ ನಿನಗೆ ಯಾರು ಹೇಳಿಕೊಟ್ಟರು? ನಮ್ಮ ದ್ವೀಪದಲ್ಲಿ ಹಳಬರು ಹಳೇ ಕುಣಿತದ ರೀಲುಗಳಿಗೆ ಹೀಗೇ ಕೂಡಿಸ್ತಿದ್ದರು.”

“ಸ ಪ ಸ ಪ,” ಎಂದ ರಘೋತ್ತಮ. “ನಮ್ಮಲ್ಲಿ ಎಲ್ಲರೂ ಹೀಗೇ.”

“ನಿನ್ನ ಎಡಗೈ ಎದ್ದಿದೆ. ಬಲಗೈ ಇನ್ನೂ ಮಲಗಿದೆ,” ಎಂದಳು ಮೊರಾಗ್. “ನಂದು ಅದಕ್ಕೆ ಉಲ್ಟಾ. ಒಂದು ಸ್ಟೂಲು ತನ್ನಿ!”

ಸ್ಟೂಲು ಬಂತು. ಅವಳು ರಘೋತ್ತಮನ ಬಲಭುಜದ ಹಿಂದೆ ಕೂತು, ಅವನ ಕೈಯಿಂದ ಕಮಾನು ಕಿತ್ತುಕೊಂಡು, ತನ್ನ ಬಲಗೈಯನ್ನು ಅವನ ಪಕ್ಕೆಯ ಮುಂದಿನಿಂದ ಚಾಚಿ ತಂತಿಯ ಮೇಲಿಟ್ಟಳು. ಮೈಸೂರಿನ ಮಾಧ್ವರ ಮನೆಯ ಗಂಡಸಿನ ಪಿಟೀಲನ್ನು ಪರದೇಶದ ಮುದುಕಿ ಹಿಂದಿನಿಂದ ಅಪ್ಪಿ ಕೂತ ದೃಶ್ಯವನ್ನು ವೇದವತಿ ಬಾಯಿ ತೆರೆದು ನೋಡಿದಳು.

“ಹಾಡ್ತೀನಿ, ಹಿಡಕೋ,” ಎಂದು ಮೊರಾಗ್ ಬಾಯಲ್ಲಿ ಒಂದು ಧಾಟಿ ಹೇಳಿದಳು. ಮಾತಲ್ಲ, ಹಿಂದರಿಂದರೊ ಹೊದಿರೊ ಎಂಬಂಥ ಬರೀ ಸದ್ದು, ಕುದುರೆ ಓಡಿದ ಹಾಗೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ರಘೋತ್ತಮನಿಗೆ ಬರದ ವಿದ್ಯೆ ನೂರಾರಿದ್ದರೂ ಬರುವ ವಿದ್ಯೆ ಒಂದಿತ್ತು. ಯಾವ ಸದ್ದು ಕಿವಿಗೆ ಬಿದ್ದರೂ, ಅದು ಕಾರಿನ ಹಾರನ್ನಿರಲಿ ಕುಕ್ಕರಿನ ಸೀಟಿಯಿರಲಿ, ಅವನ ಬಾಯಿ ತಾನಾಗಿ ಅದರ ಸ್ವರ ಹೇಳುತ್ತಿತ್ತು. ಈಗಲೂ ಹೇಳಿತು. “ಸಸರಿಗ, ಪಗರಿಗ, ದಪಗರಿ… ಅಯ್ಯೋ, ಇದು ಮೋಹನ! ಅಜ್ಜೀ, ಇದು ನಮ್ಮ ಮೋಹನ!”

“ಏನಾದರೂ ಇರಲಿ. ಬೆರಳಿಡು,” ಎಂದು ಮೊರಾಗ್ ಕಮಾನು ಬೀಸಿದಳು.

ಎರಡು ವರ್ಷ ಸುಮ್ಮನಿದ್ದ ಆ ಬಲಗೈ ಏನೂ ಮರೆತಿರಲಿಲ್ಲ. ಕಮಾನು ತಂತಿಯ ಮೇಲೆ ಕಚ್ಚಿತು, ಜಿಗಿಯಿತು, ಕೆರಳಿತು. ರಘೋತ್ತಮನ ಬೆರಳುಗಳು ಜೀವದ ಆಸೆ ಬಿಟ್ಟು ಅದರ ಹಿಂದೆ ಓಡಿದವು. “ನಿಧಾನ ಅಜ್ಜೀ! ನಿಧಾನ!” ಎಂದು ಅವನು ಕನ್ನಡದಲ್ಲಿ ಕೂಗಿದ, ಅವಳು ಗೇಲಿಕ್ಕಿನಲ್ಲಿ ಏನೋ ಕೂಗಿ ಇನ್ನಷ್ಟು ಜೋರು ಮಾಡಿದಳು. ಎತ್ತಿಕೊಂಡಿದ್ದ ಕಾಲುಗಳೆಲ್ಲ ಒಟ್ಟಿಗೆ ನೆಲಕ್ಕೆ ಬಿದ್ದವು.

ಆಮೇಲೆ ನಡೆದದ್ದನ್ನು ಕ್ರಮವಾಗಿ ಹೇಳುವುದು ಕಷ್ಟ. ಬಸ್ಸಿನ ಡ್ರೈವರಮ್ಮ ನನ್ನನ್ನು ಎಳೆದುಕೊಂಡು ಹೋದಳು. ನಾನು ಬಲಕ್ಕೆ ತಿರುಗಬೇಕಾದಲ್ಲಿ ಎಡಕ್ಕೆ ತಿರುಗಿ ಬೇರೊಂದು ವೃತ್ತ ಸೇರಿ, ಅಲ್ಲಿ ಒಬ್ಬ ಪಾದ್ರಿಯ ಜೊತೆ ಸ್ವಲ್ಪ ಹೊತ್ತು ಕುಣಿದು, ಹತ್ತು ನಿಮಿಷದ ಮೇಲೆ ನನ್ನ ಜಾಗಕ್ಕೆ ಬಂದೆ. ಯಾರೂ ಬೈಯಲಿಲ್ಲ. ತಪ್ಪಿಹೋದವನನ್ನು ಕೈಯಿಂದ ಕೈಗೆ ದಾಟಿಸಿ ಅವನ ಜಾಗಕ್ಕೆ ತಲುಪಿಸುವುದೂ ಅವರ ಕುಣಿತದ ಒಂದು ಭಾಗವೆಂದು ನನಗೆ ಆಗ ತಿಳಿಯಿತು.

ಮರ್ಡೋ ಬಂದು ಬಂಗಾರೆವ್ವನ ಮುಂದೆ ಸೊಂಟ ಬಗ್ಗಿಸಿ ಕೈ ಚಾಚಿದ.

“ಏನಂತಾನ ಇಂವ?”

“ಕುಣಿಯೋಕೆ ಕರೀತಿದಾನೆ ಅಮ್ಮಾ,” ಎಂದಳು ವೇದವತಿ.

“ಹುಚ್ಚ ಅದಾನ. ನಾ ಮುದುಕಿ. ಸೊಸಿಗೆ ಗೊತ್ತಾದ್ರ ಏನಂದಾಳು!” ಹೀಗೆನ್ನುತ್ತಲೇ ಬಂಗಾರೆವ್ವ ಸೆರಗು ಸೊಂಟಕ್ಕೆ ಬಿಗಿದು ಎದ್ದಿದ್ದರು. ಒಂದು ಸುತ್ತು ನಿಂತು ಅವರ ಹೆಜ್ಜೆ ನೋಡಿದರು. “ಇದು ನಮ್ಮ ಕೋಲಾಟನs ಐತಿ. ಕೋಲು ಮರತು ಬಂದಾರ,” ಎಂದು ಎರಡನೇ ಸುತ್ತಿಗೆ ಒಳಗೆ ನುಗ್ಗಿದರು. ಮೂರನೇ ಸುತ್ತಿಗೆ ಮರ್ಡೋ ಹೆಜ್ಜೆ ತಪ್ಪಿದಾಗ ಅವನ ಮೊಣಕೈಗೆ ಒಂದು ಏಟು ಕೊಟ್ಟು ತಿದ್ದಿದರು. ನಾಲ್ಕನೇ ಸುತ್ತಿಗೆ, ದಿಂಬು ಅಪ್ಪಿ ಕೂತಿದ್ದ ವೇದವತಿಯನ್ನೂ ಎಳೆದರು. ಇಳಕಲ್ ಸೆರಗೂ ಚೌಕಡಿ ಕಿಲ್ಟೂ ಒಟ್ಟಿಗೆ ತಿರುಗುವುದನ್ನು ನೋಡಿದರೆ ಅವು ಹುಟ್ಟಿದಾಗಿನಿಂದ ಜೊತೆಯಲ್ಲೇ ಇದ್ದವೇನೋ ಅನ್ನಿಸುತ್ತಿತ್ತು.

ಒಂದು ಗಂಟೆಯಾದ ಮೇಲೆ ಮೊರಾಗ್ ಕಮಾನು ಎತ್ತಿದಳು. ಎಲ್ಲರೂ ಇದ್ದಲ್ಲೇ ನೆಲಕ್ಕೆ ಕೂತರು. “ಈಗ ಒಂದು ನಿಧಾನದ್ದು,” ಎಂದಳು. ತನ್ನ ತಾಯಿ ಹಾಡುತ್ತಿದ್ದ ಒಂದು ಧಾಟಿಯನ್ನು ಸಣ್ಣ ದನಿಯಲ್ಲಿ ಹೇಳಿಕೊಟ್ಟಳು. ದೋಣಿಯಲ್ಲಿ ಹೋದವರನ್ನು ಕಾಯುತ್ತ ದಡದಲ್ಲಿ ಹಾಡುವ ಹಾಡಂತೆ. ಈ ಸಲ ರಘೋತ್ತಮ ಸ್ವರ ಹೇಳಲಿಲ್ಲ, ಸುಮ್ಮನೆ ಬೆರಳಿಟ್ಟ. ಎರಡನೇ ಸಾಲಿನಲ್ಲಿ ಗಾಂಧಾರದಿಂದ ಕೆಳಗಿಳಿಯುವಾಗ ಒಂದು ಸ್ವರ ತಂತಿಯುದ್ದಕ್ಕೂ ಬಳುಕಿ ಬಂತು. ಮೊರಾಗಳ ಕಮಾನು ತಟ್ಟನೆ ನಿಂತಿತು.

“ಹಾಗೆ ಬಗ್ಗಿಸಬೇಕು ಅಂತ ನಿನಗೆ ಹೇಗೆ ಗೊತ್ತಾಯ್ತು?”

“ಗೊತ್ತಿರಲಿಲ್ಲ ಅಜ್ಜೀ,” ಎಂದ ರಘೋತ್ತಮ. “ಕೈ ಬೆವತಿದೆ. ಬೆರಳು ಜಾರಿತು.”

ಮೊರಾಗ್ ಕಮಾನನ್ನು ಮತ್ತೆ ತಂತಿಯ ಮೇಲಿಟ್ಟಳು. “ಅಮ್ಮನೂ ಅಲ್ಲೇ ಜಾರ್ತಿದ್ದಳು,” ಎಂದಳು. “ಅರವತ್ತು ವರ್ಷ ಆಯ್ತು ಕೇಳಿ. ಇನ್ನೊಂದು ಸಲ ಜಾರು.”

ಇನ್ನೊಂದು ಸಲ ಜಾರಿದ, ಮತ್ತೊಂದು ಸಲವೂ ಜಾರಿದ. ಬಂಗಾರೆವ್ವ ನೆಲದ ಮೇಲೆ ಕೂತು, ಕಣ್ಣಿಗೆ ಸೆರಗು ಹಚ್ಚಿ, “ತವರು ಬಿಟ್ಟಾಕಿ ಹಾಡು ಇದು. ತಿಳೀತು ನನಗ,” ಎಂದರು. ಅವರಿಗೆ ಯಾರೂ ಏನೂ ಅನುವಾದ ಮಾಡಿರಲಿಲ್ಲ.

ಬಾಗಿಲ ಬಳಿ ಕೈಗೆಲ್ಲ ಗ್ರೀಸು ಮೆತ್ತಿಕೊಂಡ ಒಬ್ಬ ತೆಳ್ಳನೆಯ ಗಂಡಸು ಫಿಡಲ್ ಪೆಟ್ಟಿಗೆ ಹಿಡಿದು ನಿಂತಿದ್ದ. ಅವನೇ ಲಾಕಿ. ಯಾವಾಗ ಬಂದನೋ ತಿಳಿಯಲಿಲ್ಲ. ಮರ್ಡೋ ಅವನನ್ನು ವೇದಿಕೆಗೆ ಕರೆದರೆ ಅವನು ತಲೆಯಾಡಿಸಿದ.

“ಆ ಕಮಾನು ಯಾರದ್ದೂಂತ ನನಗೆ ಗೊತ್ತು. ಹನ್ನೆರಡು ವರ್ಷ ಅದರ ಕಾಲಬುಡದಲ್ಲಿ ಕೂತು ಕಲಿತಿದೀನಿ,” ಎಂದ. “ಬೆರಳು ಯಾರದು?”

“ಮೈಸೂರಿನವನದು,” ಎಂದ ಮರ್ಡೋ.

ಲಾಕಿ ತನ್ನ ಪೆಟ್ಟಿಗೆಯನ್ನು ತೆರೆಯದೆಯೇ ಗೋಡೆಗೆ ಒರಗಿಸಿಟ್ಟ. “ಹಾಗಾದರೆ ನಾನು ಕುಣೀತೀನಿ. ಇಷ್ಟು ವರ್ಷದಲ್ಲಿ ಅವಳ ಕಮಾನಿಗೆ ಒಂದು ಸಲವೂ ಕುಣಿಯೋಕೆ ಆಗಿರಲಿಲ್ಲ,” ಎಂದು ಗ್ರೀಸಿನ ಕೈಯನ್ನು ಕಿಲ್ಟಿಗೆ ಒರೆಸಿಕೊಂಡು ವೇದವತಿಯತ್ತ ಚಾಚಿದ. ವೇದವತಿ ಆ ಕೈಯನ್ನೂ ತನ್ನ ಮದುವೆಯ ಸೀರೆಯನ್ನೂ ಒಮ್ಮೆ ನೋಡಿ, ಹೋಗಲಿ ಎಂದು ಕೈ ಹಿಡಿದಳು.

ಕೊನೆಯ ರೀಲು ಇಪ್ಪತ್ತು ನಿಮಿಷ ನಡೆಯಿತು. ಯಾರಿಗೂ ಮುಗಿಸುವ ಮನಸ್ಸಿರಲಿಲ್ಲ. ಮುಗಿದರೆ ಮೊರಾಗ್ ಹೊರಟುಬಿಡುತ್ತಾಳೆ. ಕಡೆಗೆ ಅವಳೇ ಕಮಾನನ್ನು ತಂತಿಯಿಂದ ಕಿತ್ತು ಮೇಲೆತ್ತಿದಳು. ಛಾವಣಿ ಹಾರುವಂತೆ ಕೂಗು ಎದ್ದಿತು. ಅವಳು ಬಗ್ಗಿ ರಘೋತ್ತಮನ ಬೆವತ ನೆತ್ತಿಗೆ ಒಂದು ಮುತ್ತು ಕೊಟ್ಟು, “ಏಳು, ನಮಸ್ಕಾರ ಮಾಡು,” ಎಂದಳು.

ರಘೋತ್ತಮ ಏಳಲು ಹೋದ. ಸೊಂಟ ಎದ್ದಿತು, ಕಾಲು ಏಳಲಿಲ್ಲ. ಒಂದೂವರೆ ಗಂಟೆ ಮಡಿಚಿ ಕೂತ ಎರಡೂ ಕಾಲು ಅವನ ಮಾತು ಕೇಳುವುದನ್ನು ನಿಲ್ಲಿಸಿದ್ದವು. ಪಿಟೀಲನ್ನು ಒಂದು ಕೈಯಲ್ಲಿ ಮೇಲಕ್ಕೆ ಹಿಡಿದು, ಇನ್ನೊಂದು ಕೈಯಿಂದ ತೊಡೆ ಬಡಿಯುತ್ತ, ನೋವಿಗೆ ಇಂಗ್ಲಿಷು ಮರೆತು, “ಜೋಮು! ಜೋಮು!” ಎಂದು ಕೂಗಿದ.

ಅದು ಮೈಸೂರಿನ ಜಯಘೋಷವಿರಬೇಕೆಂದು ಹಾಲಿನವರೆಲ್ಲ ಅಂದುಕೊಂಡರು. ಮರ್ಡೋ ತನ್ನ ಪ್ರಚಂಡ ಮುಷ್ಟಿಯನ್ನು ಮೇಲಕ್ಕೆತ್ತಿ, “ಜೋಮು!” ಎಂದು ಗುಡುಗಿದ. ನೂರಿಪ್ಪತ್ತು ಜನ ಮುಷ್ಟಿ ಎತ್ತಿ, ತೊಡೆ ಬಡಿದು, “ಜೋಮು! ಜೋಮು!” ಎಂದರು. ಮರ್ಡೋನೂ ಲಾಕಿಯೂ ರಘೋತ್ತಮನ ಎರಡು ಕಡೆ ಕೈಕೊಟ್ಟು ಎತ್ತಿದರು. ಎತ್ತಿದರೂ ಅವನು ನಿಲ್ಲದಿದ್ದುದನ್ನು ಕಂಡು, ಮೈಸೂರಿನಲ್ಲಿ ವಿದ್ವಾಂಸರನ್ನು ಹೊತ್ತುಕೊಂಡೇ ತಿರುಗಬೇಕೆಂದು ತೀರ್ಮಾನಿಸಿ ಹೆಗಲಿಗೇರಿಸಿಕೊಂಡರು. “ನನ್ನನ್ನೂ!” ಎಂದಳು ಮೊರಾಗ್. ನಾಲ್ವರು ಅವಳನ್ನು ಸ್ಟೂಲು ಸಮೇತ ಎತ್ತಿದರು. ಎರಡು ಮೆರವಣಿಗೆಗಳು ಅಕ್ಕಪಕ್ಕದಲ್ಲಿ ಹಾಲು ಸುತ್ತತೊಡಗಿದವು. ಬಂಗಾರೆವ್ವ ಕಲ್ಲುಸಕ್ಕರೆಯ ತಟ್ಟೆ ಹಿಡಿದು, ಎರಡಕ್ಕೂ ಸರಿಸಮವಾಗಿ ಎರಚುತ್ತ ಹಿಂದೆ ನಡೆದರು.

“ಅಯ್ಯೋ, ಇವರಿಗೆ ಕಾಲು ಮರಗಟ್ಟಿದೆ, ಇಳಿಸಿ ಅಂತ ಹೇಳಬೇಕು!” ಎಂದು ವೇದವತಿ ಜನರನ್ನು ಸರಿಸಿಕೊಂಡು ಮರ್ಡೋನ ಮುಂದೆ ಹೋಗಿ ನಿಂತಳು. ಹೇಳಲು ಬಾಯಿ ತೆರೆದಳು. ತಲೆಯೆತ್ತಿ ಒಮ್ಮೆ ಗಂಡನನ್ನು ನೋಡಿದಳು. ರಘೋತ್ತಮ ಶಲ್ಯ ಜಾರಿ, ಜುಬ್ಬ ಒದ್ದೆಯಾಗಿ, ಪಕ್ಕದ ಸ್ಟೂಲಿನಲ್ಲಿದ್ದ ಮೊರಾಗಳ ಮಡಿಚಿದ ಎಡಗೈಯನ್ನು ತನ್ನ ಎಡಗೈಯಲ್ಲಿ ಹಿಡಿದುಕೊಂಡು, ಅಳುತ್ತಲೂ ನಗುತ್ತಲೂ ಸಾಗುತ್ತಿದ್ದ.

ವೇದವತಿ ಬಾಯಿ ಮುಚ್ಚಿಕೊಂಡಳು. ಸೆರಗು ಸಿಕ್ಕಿಸಿ, ಮುಷ್ಟಿ ಎತ್ತಿ, ತಾನೂ ಕೂಗಿದಳು: “ಜೋಮು!”